ಗುದ್ದಲಿ ಪೂಜೆ ಆಯಿತು, ಚರಂಡಿ ಎಲ್ಲಿ?

ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಚುನಾವಣೆಗೆ ಮೊದಲು ನಮ್ಮ ಒಳರಸ್ತೆಗೆ ತರಾತುರಿಯಲ್ಲಿ ಕಾಂಕ್ರೀಟ್ ಹಾಕಿದರು, ಬ್ಯಾನರೂ ಕಟ್ಟಿದರು. ಚರಂಡಿ ಮಾತ್ರ ಇಲ್ಲ. ಮಳೆ ಬಂದರೆ ನೀರೆಲ್ಲ ಅಂಗಳಕ್ಕೆ. ಕೇಳಿದರೆ ‘ಮುಂದಿನ ಅನುದಾನದಲ್ಲಿ ನೋಡುವ’ ಎನ್ನುತ್ತಾರೆ. ಏನು ಮಾಡಬಹುದು? – ಓದುಗರೊಬ್ಬರು, ಕಟಪಾಡಿ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಇದ್ದ ದುಡ್ಡಿನಲ್ಲಿ ಚರಂಡಿಯನ್ನೂ ಸೇರಿಸಿದರೆ ರಸ್ತೆಯ ಉದ್ದ ಕಡಿಮೆಯಾಗುತ್ತದೆ. ಚರಂಡಿ ಬಿಟ್ಟರೆ ಇನ್ನೂ ನಾಲ್ಕು ಮನೆಯ ಗೇಟಿನವರೆಗೆ ಕಾಂಕ್ರೀಟ್ ಮುಟ್ಟುತ್ತದೆ. ಮತ ಕೇಳಲು ಬರುವವರಿಗೆ ಆ ಗೇಟುಗಳೇ ಮುಖ್ಯ. ಹಳೆ ರಸ್ತೆಯನ್ನು ಅಗೆಯದೆ ಮೇಲೆಯೇ ಕಾಂಕ್ರೀಟ್ ಹಾಕಿದರೆ ರಸ್ತೆ ಏರಿ ಅಂಗಳ ತಗ್ಗಾಗುತ್ತದೆ. ಮೊದಲು ಬದಿಯ ಮಣ್ಣಿನಲ್ಲಿ ಇಂಗುತ್ತಿದ್ದ ನೀರಿಗೂ ಈಗ ನಿಮ್ಮ ಅಂಗಳವೇ ದಾರಿ.

ಕಚೇರಿಗೆ ಅಲೆಯುವ ಬದಲು ಕಡತ ತರಿಸಿ. ಮಾಹಿತಿ ಹಕ್ಕು ಕಾಯ್ದೆಯ ನಮೂನೆ ‘ಎ’ ತುಂಬಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಕಾಮಗಾರಿ ಮಾಡಿಸಿದ ಇಲಾಖೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಇಲಾಖೆ ತಪ್ಪಾದರೂ 5 ದಿನದೊಳಗೆ ಸರಿಯಾದ ಕಡೆಗೆ ಅವರೇ ವರ್ಗಾಯಿಸಬೇಕು. ಹೆಚ್ಚಿನ ಅರ್ಜಿಗಳು ಬೀಳುವುದು ಒಕ್ಕಣೆಯಲ್ಲಿ. ‘ಚರಂಡಿ ಯಾಕೆ ಮಾಡಲಿಲ್ಲ?’ ಎಂದು ಬರೆದರೆ, ಅದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ದಾಖಲೆಯನ್ನೇ ಕೇಳಿ: ಅಂದಾಜು ಪಟ್ಟಿ, ಕಾಮಗಾರಿ ಆದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಯಾದ ಬಿಲ್ಲು, ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸರಿಪಡಿಸಬೇಕಾದ ಅವಧಿ) ಮುಗಿಯುವ ದಿನಾಂಕ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮಿತಿ. ಬೀದಿದೀಪದ ದೂರನ್ನು ಇದರಲ್ಲಿ ತುರುಕಬೇಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.

ಕಡತ ಬಂದ ಮೇಲೆ ಟೇಪು ಹಿಡಿದು ರಸ್ತೆಯ ಉದ್ದ, ಅಗಲ, ಅಂಚಿನಲ್ಲಿ ಕಾಣುವ ದಪ್ಪವನ್ನು ಅಳತೆ ಪುಸ್ತಕದ ಜೊತೆ ತಾಳೆ ನೋಡಿ. ಚರಂಡಿಗೆ ಬಿಲ್ಲಾಗಿದ್ದು ಸ್ಥಳದಲ್ಲಿ ಇಲ್ಲದಿದ್ದರೆ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ಜೊತೆಗೆ ನಮೂನೆ 2ರ ಪ್ರಮಾಣಪತ್ರ. ಅಂದಾಜು ಪಟ್ಟಿಯಲ್ಲೇ ಚರಂಡಿ ಇಲ್ಲವೆ? ಹಾಗಾದರೆ ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ವರ್ಷದ ಕ್ರಿಯಾ ಯೋಜನೆ ಅಂತಿಮವಾಗುವ ಮೊದಲೇ ಪಿಡಿಒಗೆ (ಪಂಚಾಯತ್ ಅಭಿವೃದ್ಧಿ ಅಧಿಕಾರಿಗೆ) ಬೇಡಿಕೆ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ರಸ್ತೆಯ ಮನೆಯವರೆಲ್ಲ ಒಟ್ಟಿಗೆ ಹೋಗಿ. ಬೇಡಿಕೆ ನಡಾವಳಿಯಲ್ಲಿ ಬರೆದದ್ದನ್ನು ಓದಿಸದೆ ಏಳಬೇಡಿ. ಬಾಯಿಮಾತಿನ ‘ಆಯ್ತು’ ಮುಂದಿನ ಸಭೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಪ್ರಶ್ನೆ: ಗುದ್ದಲಿ ಪೂಜೆ ಆಗಿ ವಾರದಲ್ಲಿ ನೀತಿಸಂಹಿತೆ ಬಂತು, ಕೆಲಸ ನಿಂತಿತು. ಇದು ನಿಯಮವೆ? – ಓದುಗರು, ಸುರತ್ಕಲ್

ಉತ್ತರ: ಹೌದು. ಕಾಮಗಾರಿ ಆದೇಶ ಆಗಿದ್ದರೂ ಸ್ಥಳದಲ್ಲಿ ಕೆಲಸ ಶುರುವಾಗದಿದ್ದರೆ ಚುನಾವಣೆ ಮುಗಿಯುವವರೆಗೆ ಶುರು ಮಾಡುವಂತಿಲ್ಲ, ಶುರುವಾದದ್ದನ್ನು ಮುಂದುವರಿಸಬಹುದು. ಪೂಜೆಯ ದಿನವೇ ಕಾಮಗಾರಿ ಆದೇಶದ ಸಂಖ್ಯೆ ಮತ್ತು ಅನುದಾನದ ಲೆಕ್ಕಶೀರ್ಷಿಕೆ (ಹಣ ಯಾವ ಖಾತೆಯಿಂದ ಬರುತ್ತದೆ ಎಂಬುದು) ಕೇಳಿ ಬರೆದಿಟ್ಟುಕೊಳ್ಳಿ. ಅದು ಶಾಸಕರ ಪ್ರದೇಶಾಭಿವೃದ್ಧಿ ನಿಧಿಯಾದರೆ, ಶಾಸಕರು ಶಿಫಾರಸು ಮಾಡುವವರು ಅಷ್ಟೆ. ಮಂಜೂರು ಮಾಡಿದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಕಡತ ಸಿಗುತ್ತದೆ. ಸಂಖ್ಯೆ ಹೇಳಲು ಆಗದ ಪೂಜೆಗೆ ಹಾರ ಹಾಕಲು ಹೋಗಬೇಡಿ.

ಪ್ರಶ್ನೆ: ಎಲ್ಲರೂ ಒಂದೇ ಥರ. ನೋಟಾ ಒತ್ತಿದರೆ ಸೋಲಿಸಬಹುದೆ? – ಓದುಗರು, ಕುಂದಾಪುರ

ಉತ್ತರ: ಇಲ್ಲ. 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಬಂತು. ಆದರೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಶಾಸಕರನ್ನು ಮಧ್ಯದಲ್ಲಿ ವಾಪಸ್ ಕರೆಸುವ ಕಾನೂನೂ ನಮ್ಮಲ್ಲಿಲ್ಲ. ಎಲ್ಲರೂ ಒಂದೇ ಥರವೋ ಎಂದು ತಿಳಿಯಲು ಚುನಾವಣಾ ಆಯೋಗದ ಜಾಲತಾಣದಲ್ಲಿ ಅಭ್ಯರ್ಥಿಗಳ ನಮೂನೆ 26ರ ಪ್ರಮಾಣಪತ್ರ ತೆರೆಯಿರಿ. ಆಸ್ತಿ, ಕ್ರಿಮಿನಲ್ ಪ್ರಕರಣಗಳ ಪುಟವನ್ನು ಎಲ್ಲರೂ ನೋಡುತ್ತಾರೆ. ಅಭ್ಯರ್ಥಿಗೂ ಅವರ ಪತಿ ಅಥವಾ ಪತ್ನಿಗೂ ಸರ್ಕಾರದ ಗುತ್ತಿಗೆಗಳಿದ್ದರೆ ಅದನ್ನೂ ಅಲ್ಲೇ ಬರೆದಿರಬೇಕು. ಆ ಕಾಲಂ ತಪ್ಪದೆ ಓದಿ.