ಹೊಂದದ ಬಿಡಿಭಾಗವನ್ನು ವಾಪಸ್ ಕಳಿಸಿದರೂ ಹಣ ಕೊಡುತ್ತಿಲ್ಲ, ಈಗ ಏನು ಮಾಡಬೇಕು?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಕಾರಿನ ಮುಂಚಕ್ರಗಳಿಗೆಂದು ಒಂದು ಜೊತೆ ಬ್ರೇಕ್ ಡಿಸ್ಕ್‌ಗಳನ್ನು ಆನ್‌ಲೈನ್‌ನಲ್ಲಿ ತರಿಸಿದ್ದೀರಿ, 'ನಿಮ್ಮ ವಾಹನಕ್ಕೆ ಹೊಂದುತ್ತದೆ' ಎಂದು ಮಾರಾಟದ ಪುಟವೇ ತೋರಿಸಿತ್ತು, ಮೆಕ್ಯಾನಿಕ್ ಕೂರಿಸಲು ಹೋದಾಗ ಅವು ಹೊಂದಲಿಲ್ಲ, ವಾಪಸ್ ಕಳಿಸಿ ಮೂರು ವಾರವಾದ ಮೇಲೆ 'ಬಳಸಿದ ಗುರುತುಗಳಿವೆ, ಹಣ ಮರಳಿಸಲಾಗದು' ಎಂಬ ಉತ್ತರ ಬಂದಿದೆ, ಸಾಲದ್ದಕ್ಕೆ ಕೊರಿಯರ್ ವೆಚ್ಚವೂ ನಿಮ್ಮ ತಲೆಗೇ ಬಿದ್ದಿದೆ. ಇಂಥದೇ ಒಂದು ವ್ಯವಹಾರದಲ್ಲಿ ನಾನು ಅರ್ಧ ಗೆದ್ದು ಅರ್ಧ ಸೋತವನಾದ್ದರಿಂದ ಕೊಂಚ ವಿವರವಾಗಿಯೇ ಬರೆಯುತ್ತೇನೆ.

ಮೊದಲಿಗೆ ಒಂದು ವಿಷಯವನ್ನು ಪರಿಶೀಲಿಸಿ. ವಾಪಸಾತಿಗೆ ಕೋರುವಾಗ ಪರದೆಯ ಮೇಲೆ ಕಾರಣಗಳ ಪಟ್ಟಿಯೊಂದು ಬಂದಿರುತ್ತದೆ: 'ಬೇಡವಾಯಿತು', 'ತಪ್ಪಾಗಿ ಆರ್ಡರ್ ಮಾಡಿದೆ', 'ವಿವರಣೆಯಂತೆ ಇಲ್ಲ', ಹೀಗೆ. ಅವಸರದಲ್ಲಿ ಹೆಚ್ಚಿನವರು ಮೊದಲನೆಯದನ್ನೋ ಎರಡನೆಯದನ್ನೋ ಒತ್ತಿಬಿಡುತ್ತಾರೆ. ಆ ಒಂದು ಒತ್ತುವಿಕೆಯಿಂದ ತಪ್ಪು ಕೊಂಡವರದೇ ಎಂದು ದಾಖಲಾಗುತ್ತದೆ, ಕೊರಿಯರ್ ವೆಚ್ಚ ಅವರ ಪಾಲಿಗೆ ಬರುತ್ತದೆ, ಕೆಲವು ಮಾರಾಟಗಾರರು ಸರಕನ್ನು ಮತ್ತೆ ದಾಸ್ತಾನಿಗೆ ಸೇರಿಸುವ ಶುಲ್ಕವೆಂದು ಇನ್ನಷ್ಟು ಮುರಿದುಕೊಳ್ಳುತ್ತಾರೆ. ನಿಮ್ಮ ಪ್ರಕರಣದಲ್ಲಿ ಹೊಂದುತ್ತದೆ ಎಂದು ಹೇಳಿದವರು ಅವರು. ಆದ್ದರಿಂದ ನೀವು ಮೊದಲು ಯಾವ ಕಾರಣವನ್ನೇ ಆರಿಸಿದ್ದರೂ, ಇಂದೇ ಲಿಖಿತವಾಗಿ, 'ವಾಹನದ ವಿವರ ಕೊಟ್ಟ ಮೇಲೆ ನಿಮ್ಮ ಪುಟ ಹೊಂದುತ್ತದೆ ಎಂದು ತೋರಿಸಿತು, ಬಂದ ವಸ್ತು ಹೊಂದಲಿಲ್ಲ, ಇದು ವಿವರಣೆಗೆ ತಕ್ಕ ವಸ್ತುವಲ್ಲ' ಎಂದು ಬರೆದು, ಆ ಪುಟದ ಸ್ಕ್ರೀನ್‌ಶಾಟ್ ಲಗತ್ತಿಸಿ ಕಳಿಸಿ. ಪುಟ ಬದಲಾಗಿಬಿಟ್ಟಿದ್ದರೆ ಆರ್ಡರ್ ದೃಢೀಕರಣದ ಮಿಂಚಂಚೆಯಲ್ಲಿ ವಾಹನದ ಮಾದರಿ ನಮೂದಾಗಿದೆಯೇ ನೋಡಿ. ಎಷ್ಟೋ ಸಲ ಅಲ್ಲಿ ಉಳಿದಿರುತ್ತದೆ.

ಇನ್ನು 'ಬಳಸಿದ ಗುರುತು' ಎಂಬ ಮಾತು. ಬ್ರೇಕ್ ಡಿಸ್ಕ್ ಈ ವಿಷಯದಲ್ಲಿ ಪ್ರಾಮಾಣಿಕವಾದ ಭಾಗ, ಅದು ಸುಳ್ಳು ಹೇಳುವುದಿಲ್ಲ. ಹೊಸ ಡಿಸ್ಕಿನ ಮೇಲೆ ತುಕ್ಕು ಹಿಡಿಯದಂತೆ ಎಣ್ಣೆಯ ತೆಳುಪದರವನ್ನೋ ಬಣ್ಣದಂಥ ಲೇಪನವನ್ನೋ ಕೊಟ್ಟಿರುತ್ತಾರೆ. ಕಾರನ್ನು ಸ್ವಲ್ಪ ದೂರ ಓಡಿಸಿ ಕೆಲವು ಸಲ ಬ್ರೇಕ್ ಒತ್ತಿದರೂ ಸಾಕು, ಪ್ಯಾಡ್ ಉಜ್ಜಿದ ಜಾಗದಲ್ಲಿ ಲೇಪನ ಹೋಗಿ ಬಳೆಯಂತೆ ಒಂದು ಹೊಳಪಿನ ಪಟ್ಟಿ ಮೂಡುತ್ತದೆ. ಬರೀ ಹಬ್‌ನ (ಚಕ್ರ ಕೂರುವ ನಡುಭಾಗದ) ಮೇಲೆ ಕೂರಿಸಿ ನೋಡಿ ತೆಗೆದಿದ್ದರೆ ಆ ಪಟ್ಟಿ ಇರುವುದಿಲ್ಲ. ನಡುವಿನ ರಂಧ್ರದ ಅಂಚಿನಲ್ಲಿ, ಬೋಲ್ಟ್ ತೂತುಗಳ ಸುತ್ತ ಸಣ್ಣ ಗೀರು ಇರಬಹುದು, ಅಷ್ಟೆ. ಆದ್ದರಿಂದ ಅವರು ಕಂಡರೆಂದು ಹೇಳುವ ಗುರುತಿನ ಛಾಯಾಚಿತ್ರವನ್ನು ಕೇಳಿ. ಚಿತ್ರವಿಲ್ಲದೆ ತಿರಸ್ಕರಿಸಿದ್ದರೆ ಅದನ್ನೇ ಆಕ್ಷೇಪವಾಗಿ ದಾಖಲಿಸಿ. ಚಿತ್ರ ಬಂದರೆ ಪ್ಯಾಡ್ ತಾಗುವ ಮೈ ಹಾಗೆಯೇ ಇದೆ ಎಂಬುದನ್ನು ಅದೇ ಚಿತ್ರದಲ್ಲಿ ತೋರಿಸಿಕೊಡಬಹುದು.

ನನ್ನ ಕಥೆ ಆಲ್ಟರ್ನೇಟರಿನದು. ಹಳೆಯದು ಬ್ಯಾಟರಿಗೆ ಚಾರ್ಜ್ ಕೊಡುವುದನ್ನು ನಿಲ್ಲಿಸಿತ್ತು, ಹೊಸದನ್ನು ತರಿಸಿದೆ. ಪೆಟ್ಟಿಗೆ ಬಿಚ್ಚಿದಾಗ ಮೇಲ್ನೋಟಕ್ಕೆ ಎರಡೂ ಅವಳಿಗಳಂತೆ ಕಂಡವು, ನಾನು ಉತ್ಸಾಹದಿಂದ ಕೆಳಗಿನ ಬೋಲ್ಟನ್ನು ಬಿಗಿದೇಬಿಟ್ಟೆ. ಬೆಲ್ಟ್ ಏರಿಸಲು ಹೋದಾಗಷ್ಟೇ ಗೊತ್ತಾಯಿತು, ಹಳೆಯ ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡುಗಳು ಆರಿದ್ದರೆ ಹೊಸದರಲ್ಲಿ ಐದು. ಹಿಂಬದಿಯ ಕನೆಕ್ಟರಿನಲ್ಲೂ ಪಿನ್ನುಗಳ ಸಂಖ್ಯೆ ಬೇರೆ. ಎರಡನ್ನೂ ಪಕ್ಕಪಕ್ಕ ಇಟ್ಟು ಅರ್ಧ ನಿಮಿಷ ನೋಡಿದ್ದರೆ ಕಾಣುತ್ತಿದ್ದ ವ್ಯತ್ಯಾಸ ಅದು. ವಾಪಸ್ ಕಳಿಸಿದೆ, ಗೋದಾಮಿನಿಂದ ಬಂದ ಉತ್ತರದಲ್ಲಿ ಬೋಲ್ಟ್ ತೂತಿನ ಸುತ್ತ ವಾಷರ್ ಕೊರೆದ ಉಂಗುರದ ಗುರುತಿನ ಸ್ಪಷ್ಟ ಚಿತ್ರವಿತ್ತು. 'ವಿದ್ಯುತ್ ಭಾಗಗಳನ್ನು ಒಮ್ಮೆ ಜೋಡಿಸಿದರೆ ವಾಪಸಾತಿ ಇಲ್ಲ' ಎಂಬುದು ಅವರ ಷರತ್ತು. ಈ ಷರತ್ತು ಬಹುಪಾಲು ಮಾರಾಟಗಾರರಲ್ಲಿದೆ, ಅದಕ್ಕೆ ಕಾರಣವೂ ಇದೆ: ತಂತಿ ತಪ್ಪಾಗಿ ಕೊಟ್ಟರೆ ಸೆನ್ಸರ್, ನಿಯಂತ್ರಣ ಘಟಕ, ಆಲ್ಟರ್ನೇಟರ್ ಒಳಗೊಳಗೇ ಸುಟ್ಟುಹೋಗುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ನಾನು ತಂತಿ ಜೋಡಿಸಿಯೇ ಇರಲಿಲ್ಲ. ಹಾಗೆಂದು ಸಾಬೀತು ಮಾಡಲು ನನ್ನ ಬಳಿ ಒಂದು ಚಿತ್ರವೂ ಇರಲಿಲ್ಲ. ಹೊಂದಾಣಿಕೆಯ ತಪ್ಪು ಅವರ ಪುಟದ್ದೇ ಎಂದು ಪಟ್ಟು ಹಿಡಿದ ಮೇಲೆ ಅರ್ಧ ಹಣ ಬಂತು. ಆ ಬೋಲ್ಟಿನ ವಿಷಯದಲ್ಲಿ ನನಗೆ ಈಗಲೂ ನನ್ನ ಮೇಲೆಯೇ ಸಿಟ್ಟಿದೆ.

ಕಾನೂನು ಈ ಪ್ರಶ್ನೆಯನ್ನು ಹೇಗೆ ನೋಡುತ್ತದೆ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಐರೋಪ್ಯ ಒಕ್ಕೂಟದ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ದೂರದಿಂದ ಕೊಂಡ ವಸ್ತುವನ್ನು ಕೈಸೇರಿದ 14 ದಿನಗಳೊಳಗೆ ಕಾರಣ ಹೇಳದೆಯೇ ಬೇಡವೆನ್ನಬಹುದು. ಆದರೆ ವಸ್ತುವಿನ ಗುಣಲಕ್ಷಣ ತಿಳಿಯಲು ಬೇಕಾದಷ್ಟನ್ನು ಮೀರಿ ಅದನ್ನು ಬಳಸಿದರೆ, ಅದರಿಂದ ಕುಗ್ಗಿದ ಬೆಲೆಯನ್ನು ಕೊಂಡವರು ಭರಿಸಬೇಕು. 2016ರಲ್ಲಿ ಜರ್ಮನಿಯ ಫೆಡರಲ್ ನ್ಯಾಯಾಲಯದ ಮುಂದೆ ಬಂದ ಪ್ರಕರಣ ನಿಮ್ಮದಕ್ಕೆ ಬಹಳ ಹತ್ತಿರದ್ದು: ಒಬ್ಬರು ಆನ್‌ಲೈನ್‌ನಲ್ಲಿ ಕೊಂಡ ಕ್ಯಾಟಲಿಟಿಕ್ ಕನ್ವರ್ಟರನ್ನು (ಹೊಗೆಯ ವಿಷಾನಿಲ ತಗ್ಗಿಸುವ ಭಾಗ) ಕಾರಿಗೆ ಜೋಡಿಸಿ, ಸ್ವಲ್ಪ ದೂರ ಓಡಿಸಿ ನೋಡಿ, ಸರಿಬರದೆ ವಾಪಸ್ ಕಳಿಸಿದ್ದರು. ವಾಪಸ್ ಕಳಿಸುವ ಹಕ್ಕು ಉಳಿಯುತ್ತದೆ, ಆದರೆ ಜೋಡಿಸಿ ಓಡಿಸುವುದು ಅಂಗಡಿಯಲ್ಲಿ ಪರೀಕ್ಷಿಸುವುದಕ್ಕಿಂತ ಹೆಚ್ಚಿನದಾದ್ದರಿಂದ ಬೆಲೆ ಕುಗ್ಗಿದ್ದಕ್ಕೆ ಪರಿಹಾರ ಕೊಡಬೇಕು ಎಂದು ನ್ಯಾಯಾಲಯ ಹೇಳಿತು. ಭಾರತದಲ್ಲಿ ಕೊಂಡವರಿಗೆ 2020ರ ಇ-ವಾಣಿಜ್ಯ ನಿಯಮಗಳು ಬೇರೆ ಆಸರೆ ಕೊಡುತ್ತವೆ: ಮಾರಾಟ ತಾಣದ ಕುಂದುಕೊರತೆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಗ್ರಾಹಕ ಸೇವೆಯ ಚಾಟ್ ಕಿಟಕಿಯಲ್ಲಿ ಅದೇ ಮಾತನ್ನು ಹತ್ತು ಸಲ ಬರೆಯುವುದಕ್ಕಿಂತ ಆ ಅಧಿಕಾರಿಗೆ ಒಂದು ಸಲ ಬರೆಯುವುದು ಮೇಲು.

ಹಣ ಕೊಡಲು ಒಪ್ಪಿದ ಮೇಲೂ ಒಂದು ಸತಾಯಿಸುವಿಕೆ ಉಳಿದಿರುತ್ತದೆ. 'ನಾವು ಕಳಿಸಿದ್ದೇವೆ, ಬ್ಯಾಂಕನ್ನು ಕೇಳಿ' ಎಂದು ಮಾರಾಟಗಾರರು, 'ನಮಗೆ ಬಂದಿಲ್ಲ' ಎಂದು ಬ್ಯಾಂಕು. ಕಾರ್ಡಿನಿಂದ ಪಾವತಿಸಿದ್ದರೆ ಮರುಪಾವತಿಗೆ 23 ಅಂಕಿಗಳ ಎಆರ್‌ಎನ್ ಎಂಬ ಉಲ್ಲೇಖ ಸಂಖ್ಯೆ ಇರುತ್ತದೆ; ಅದನ್ನು ಕೇಳಿ ಪಡೆದು ಬ್ಯಾಂಕಿಗೆ ಕೊಟ್ಟರೆ ಹಣ ಎಲ್ಲಿದೆ ಎಂದು ಅವರು ಹುಡುಕಬಲ್ಲರು. ಸಂಖ್ಯೆ ಕೊಡಲು ಹಿಂದೇಟು ಹಾಕಿದರೆ ಹಣ ಹೊರಟೇ ಇಲ್ಲವೆಂದು ನಾನು ತಿಳಿಯುತ್ತೇನೆ. ಮಾರಾಟಗಾರರು ಮಾತು ನಿಲ್ಲಿಸಿದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ವಹಿವಾಟಿನ ವಿರುದ್ಧ ತಕರಾರು ದಾಖಲಿಸಬಹುದು, ಅದಕ್ಕೂ ಗಡುವಿದೆ, ಆದ್ದರಿಂದ 'ಇನ್ನೊಂದು ವಾರ ಕಾಯಿರಿ' ಎಂಬ ಮಾತಿಗೆ ಮತ್ತೆ ಮತ್ತೆ ಒಪ್ಪಿಕೊಳ್ಳಬೇಡಿ. ಹಣದ ಬದಲು ಅದೇ ತಾಣದಲ್ಲಿ ಖರ್ಚು ಮಾಡುವ ವೋಚರ್ ಕೊಡುತ್ತೇವೆಂದರೆ, ನಿಮಗೆ ನಿಜವಾಗಿ ಬೇಕಿದ್ದರೆ ಮಾತ್ರ ಒಪ್ಪಿ. ಒಪ್ಪಿದ ಮೇಲೆ ತಕರಾರು ಊರ್ಜಿತವಾಗುವುದು ಕಷ್ಟ.

ಮುಂದೆ ಹೀಗಾಗದಿರಲು ಏನು ಮಾಡಬೇಕೆಂದೂ ಕೇಳಿದ್ದೀರಿ. ಮಾದರಿ ಮತ್ತು ವರ್ಷ ಎರಡನ್ನೇ ನಂಬಿ ತರಿಸುವುದರಿಂದಲೇ ಬಹಳಷ್ಟು ತಪ್ಪುಗಳು ಆಗುತ್ತವೆ. ಒಂದೇ ಮಾದರಿಯ ಕಾರಿನಲ್ಲಿ ದೊಡ್ಡ ಎಂಜಿನ್ ಇದ್ದರೆ ಡಿಸ್ಕಿನ ವ್ಯಾಸ ಬೇರೆ. ವರ್ಷದ ನಡುವೆಯೇ ಕಂಪನಿ ಭಾಗವನ್ನು ಬದಲಿಸಿರುವುದೂ ಉಂಟು. 17 ಅಕ್ಷರಾಂಕಗಳ ಚಾಸಿ ಸಂಖ್ಯೆ ಕೊಟ್ಟು ಹುಡುಕುವುದು ಇದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದಿಲ್ಲ, ಒಂದು ಮತ್ತು ಸೊನ್ನೆಯೊಂದಿಗೆ ಗೊಂದಲವಾಗುತ್ತದೆಂದು ಬಿಟ್ಟಿದ್ದಾರೆ. ಹಾಗಾಗಿ ಓದುವಾಗ ಓ ಎಂದು ಕಂಡರೆ ಅದು ಸೊನ್ನೆಯೇ. ಹಳೆಯ ಭಾಗದ ಮೇಲೆ ಅಚ್ಚಾಗಿರುವ ಸಂಖ್ಯೆ ಸಿಕ್ಕರೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಎಡ ಬಲ ಎಂಬುದನ್ನು ಚಾಲಕನ ಆಸನದಲ್ಲಿ ಕುಳಿತು ಮುಂದೆ ನೋಡುತ್ತ ನಿರ್ಧರಿಸಬೇಕು, ಕಾರಿನ ಎದುರು ನಿಂತಲ್ಲ. ಹೆಡ್‌ಲೈಟ್, ಕನ್ನಡಿ ತಪ್ಪಾಗಿ ಬರುವುದು ಹೆಚ್ಚಾಗಿ ಇದರಿಂದಲೇ.

ಬಂಪರಿನಂಥ ದೊಡ್ಡ ಭಾಗವಾದರೆ ವಾಪಸಾತಿಯ ವೆಚ್ಚ ಯಾರದೆಂದು ಕೊಳ್ಳುವ ಮೊದಲೇ ಓದಿಕೊಳ್ಳಿ. ಅನೇಕ ಕೊರಿಯರ್‌ಗಳು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ಬಂದದ್ದನ್ನೇ ಕಿಲೋಗ್ರಾಂ ಎಂದು ಲೆಕ್ಕ ಹಾಕುತ್ತವೆ. 180, 50, 40 ಸೆಂಟಿಮೀಟರಿನ ಪೆಟ್ಟಿಗೆ ಒಬ್ಬರೇ ಎತ್ತುವಷ್ಟು ಹಗುರವಿದ್ದರೂ ಲೆಕ್ಕದಲ್ಲಿ 72 ಕಿಲೋ.

ಎರಡನೆಯ ಆಲ್ಟರ್ನೇಟರ್ ತರಿಸುವ ಮೊದಲು ನಾನು ಚಾಸಿ ಸಂಖ್ಯೆ, ಹಳೆಯ ಭಾಗದ ಸಂಖ್ಯೆ, ಪುಲ್ಲಿಯ ಮತ್ತು ಕನೆಕ್ಟರಿನ ಚಿತ್ರ ಕಳಿಸಿ, 'ಇದಕ್ಕೆ ಹೊಂದುತ್ತದೆಯೇ, ದಯವಿಟ್ಟು ಲಿಖಿತವಾಗಿ ತಿಳಿಸಿ' ಎಂದು ಇನ್ನೊಬ್ಬ ಮಾರಾಟಗಾರರನ್ನು ಕೇಳಿದೆ. ಎರಡು ದಿನ ಬಿಟ್ಟು, ನಾನು ಆರಿಸಿದ್ದು ಹೊಂದುವುದಿಲ್ಲವೆಂದು ಒಂದೇ ಸಾಲಿನಲ್ಲಿ ಬರೆದು, ಬೇರೊಂದು ಸಂಖ್ಯೆ ಕೊಟ್ಟರು. ಅದು ಬಂದಾಗ ಬೋಲ್ಟಿಗೆ ಕೈ ಹಾಕುವ ಮುನ್ನ ಪುಲ್ಲಿಯ ತೋಡುಗಳನ್ನು ಎರಡು ಸಲ ಎಣಿಸಿದೆ, ಆರಿದ್ದವು.