ಒಂದು ರಾತ್ರಿಯ ದೂರದ ಊರು

ಹಾವೇರಿಯಲ್ಲಿ ಪಿಯುಸಿ ಮುಗಿಸಿ ಪುಣೆಯಲ್ಲಿ ಬಿ.ಎಸ್ಸಿ. ಸೀಟು ಹಿಡಿದಿದ್ದೀಯ. ಖೋ-ಖೋ ಬಿಡಲಾರೆ ಅನ್ನುತ್ತೀ, ನಾಟಕದ ಹುಚ್ಚೂ ಇದೆ. ಅಪ್ಪ ಮಾತ್ರ ‘ಪರರಾಜ್ಯ’ ಅಂತ ಮುಖ ಸಣ್ಣದು ಮಾಡಿಕೊಂಡಿದ್ದಾರೆ. ಓದಿನ ಜೊತೆ ಇದೆಲ್ಲ ಆಗುತ್ತದಾ, ಕನ್ನಡದ ಹುಡುಗಿಯರ ರೂಮೇ ಹುಡುಕಲಾ, ಮರಾಠಿ ಬರದಿದ್ದರೆ ಏನು ಗತಿ, ಇಷ್ಟು ತಾನೆ ನೀನು ಕೇಳಿದ್ದು? ನಾನು ರಾಣೇಬೆನ್ನೂರಿನವಳು. ಮೂರು ವರ್ಷದ ಮಾತು ಅಂತ 2004ರ ಜೂನ್‌ನಲ್ಲಿ ಇಲ್ಲಿಗೆ ಬಂದೆ. ಇನ್ನೂ ಇಲ್ಲೇ ಇದ್ದೇನೆ, ಕೋಥರೂಡಿನಲ್ಲಿ.

ಪುಣೆ ದೂರ ಅಂತ ನಿನಗೆ ಎಲ್ಲರೂ ಹೇಳಿರುತ್ತಾರೆ. ಇದರ ತೊಂದರೆಯೇ ಇದು ಹತ್ತಿರ ಇರೋದು. ನಿಮ್ಮೂರ ಮಗ್ಗುಲಲ್ಲಿ ಹೋಗುವ ಹೆದ್ದಾರಿ 48 ಇದೆಯಲ್ಲ, ಅದೇ ರಸ್ತೆ ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆಗೆ ಬರುತ್ತದೆ. ಊಟ ಮಾಡಿ ಬಸ್ ಹತ್ತಿದರೆ ಬೆಳಗಿನ ಚಹಾಕ್ಕೆ ಪುಣೆಯ ಅಂಚಿನ ಕಾತ್ರಜ್. 2024ರ ಸೆಪ್ಟೆಂಬರಿನಿಂದ ಪುಣೆ-ಹುಬ್ಬಳ್ಳಿ ನಡುವೆ ವಂದೇ ಭಾರತ್ ರೈಲೂ ಓಡುತ್ತಿದೆ. ಅಮೆರಿಕಕ್ಕೆ ಹೋದವರಿಗೆ ಬೇಕೆಂದಾಗ ಊರಿಗೆ ಓಡುವ ಆಸೆಯೇ ಇಲ್ಲ. ಅತ್ತರೂ ಅಲ್ಲೇ, ನಕ್ಕರೂ ಅಲ್ಲೇ. ಪುಣೆಗೆ ಬಂದವರಿಗೆ ಪ್ರತಿ ಶುಕ್ರವಾರ ಸಂಜೆ ಕಾಲು ಊರಿನ ಕಡೆ ಎಳೆಯುತ್ತದೆ.

ಮೊದಲ ವರ್ಷ ನಾನು ಹದಿನೈದು ದಿನಕ್ಕೊಮ್ಮೆ ಊರಿಗೆ ಓಡುತ್ತಿದ್ದೆ. ಹೋಗುವಾಗ ಕೊಳೆ ಬಟ್ಟೆ, ಬರುವಾಗ ಶೇಂಗಾ ಚಟ್ನಿ, ಖಡಕ್ ರೊಟ್ಟಿ. ಸೋಮವಾರ ಬೆಳಿಗ್ಗೆ ಏಳೂವರೆಯ ತರಗತಿಯಲ್ಲಿ ಕಣ್ಣು ಕೆಂಪು. ಕಾಲೇಜಿನಲ್ಲಿ ಏನೇ ಚೆಂದದ್ದು ನಡೆದರೂ ಅದು ಶನಿವಾರ, ಭಾನುವಾರವೇ. ಚಾರಣ, ನಾಟಕದ ತಾಲೀಮು, ಪಂದ್ಯ, ಯಾರದೋ ಮನೆಯ ಹಬ್ಬ, ಎಲ್ಲ. ಆ ಎರಡು ದಿನ ನಾನಿರುತ್ತಿರಲಿಲ್ಲ. ವರ್ಷದ ಕೊನೆಗೆ ನನಗೆ ಹೆಸರು ಹಿಡಿದು ಕರೆಯುವ ಗೆಳತಿ ಒಬ್ಬಳೂ ಇರಲಿಲ್ಲ. ಬಸ್ಸಿನ ಕ್ಲೀನರ್‌ಗೆ ಮಾತ್ರ ನನ್ನ ಸೀಟು ನೆನಪಿರುತ್ತಿತ್ತು.

ಆಮೇಲೆ 2005ರ ಜುಲೈ ಕೊನೆಯ ಆ ಮಳೆ. ಮುಂಬೈ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನಗಳಲ್ಲಿ ಕೊಲ್ಹಾಪುರ, ಸಾಂಗ್ಲಿ ಕಡೆಯೂ ನೆರೆ. ನನ್ನ ಬಸ್ ರದ್ದಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ವಾರ್‌ಗೇಟ್ ಬಸ್ ನಿಲ್ದಾಣದಿಂದ ತೊಯ್ದು ವಾಪಸ್ ಬಂದವಳನ್ನು ರೂಮಿನ ಪಕ್ಕದ ಮಂಚದ ಸಾತಾರಾದ ಹುಡುಗಿ, ಸುಮ್ಮನೆ ಅಳುತ್ತ ಕೂಡಬೇಡ ಅಂತ ತಾಲೀಮಿಗೆ ಎಳೆದುಕೊಂಡು ಹೋದಳು. ಪುರುಷೋತ್ತಮ ಕರಂಡಕದ ತಾಲೀಮು ಅದು. ನಾಟಕದ ಹುಚ್ಚು ಅಂದೆಯಲ್ಲ, ಈ ಹೆಸರು ನೆನಪಿಟ್ಟುಕೋ. 1963ರಿಂದ ನಡೆದು ಬಂದ ಅಂತರ ಕಾಲೇಜು ಏಕಾಂಕ ಸ್ಪರ್ಧೆ. ಮಳೆಗಾಲದಲ್ಲಿ ಸದಾಶಿವ ಪೇಠದ ಭರತ ನಾಟ್ಯ ಮಂದಿರದಲ್ಲಿ ಆಗುತ್ತದೆ. ಬರೆಯುವವರು, ಆಡಿಸುವವರು, ಆಡುವವರು ಎಲ್ಲ ಕಾಲೇಜು ಹುಡುಗರೇ. ಪರದೆ ಏಳುವ ಮುಂಚೆ ‘ಅರೆ ಆವಾಜ್ ಕುಣಾಚಾ’, ಯಾರ ದನಿ ಇದು, ಅಂತ ಒಂದು ಕಡೆಯವರು ಕೂಗಿದರೆ, ಕಾಲೇಜಿನ ಹೆಸರು ಹೇಳಿ ಇನ್ನೊಂದು ಕಡೆಯವರು ಚಾವಣಿ ಹಾರಿಸುತ್ತಾರೆ.

ನನಗೆ ಆಗ ಮರಾಠಿ ಅಂದರೆ ತರಕಾರಿ ಕೊಳ್ಳುವಷ್ಟು. ಬ್ಯಾಕ್‌ಸ್ಟೇಜಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಕೊಟ್ಟರು. ಪಟ್ಟಿ ನಾನು ಕನ್ನಡದಲ್ಲಿ ಬರೆದುಕೊಂಡೆ: ಕಂದೀಲು, ಚಾಪೆ, ತಂಬಿಗೆ. ನಿರ್ದೇಶಕ ಹುಡುಗ ಆ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನು ನೀನು ಒಂದು ದಿನವೂ ರಜೆ ಹಾಕುವಂತಿಲ್ಲ, ಇದನ್ನು ಓದುವವರು ಬೇರೆ ಯಾರೂ ಇಲ್ಲ ಅಂದ. ಆ ತಿಂಗಳು ಊರಿಗೆ ಹೋಗಲಿಲ್ಲ. ಬಹುಮಾನ ಬರಲಿಲ್ಲ, ಮೊದಲ ಸುತ್ತಿನಲ್ಲೇ ಉದುರಿದೆವು. ಆದರೆ ಐವತ್ತು ಸಲ ಅದೇ ಮಾತು ಕೇಳಿ ಕೇಳಿ ಮರಾಠಿ ನಾಲಿಗೆಗೆ ಹತ್ತಿತು. ಮೂರು ಪಾತ್ರಗಳ ಮಾತು ನನಗೆ ಇವತ್ತಿಗೂ ಬಾಯಿಪಾಠ. ಹಾಗಾಗಿ ನನ್ನ ಮಾತು ಇಷ್ಟೇ: ಮೊದಲ ಮೂರು ತಿಂಗಳು ಊರಿಗೆ ಹೋಗಬೇಡ. ದೀಪಾವಳಿಗೆ ಹೋಗು ಸಾಕು. ಅಮ್ಮ ಬೈದರೆ ನನ್ನ ಹೆಸರು ಹೇಳು.

ಇನ್ನು, ಓದಿನ ಜೊತೆ ಇದೆಲ್ಲ ಆಗುತ್ತದಾ ಅಂದೆಯಲ್ಲ, ದಿನ ಹೇಗಿರುತ್ತದೆ ನೋಡು. ಪುಣೆಯ ವಿದ್ಯಾರ್ಥಿಯ ದಿನ ಮುಂಜಾನೆ ಬೇಗ ಶುರು. ಕಾಲೇಜುಗಳು ಏಳು, ಏಳೂವರೆಗೇ ಬಾಗಿಲು ತೆರೆಯುತ್ತವೆ, ಮಧ್ಯಾಹ್ನದ ಹೊತ್ತಿಗೆ ತರಗತಿ ಮುಗಿದು ಪ್ರಾಕ್ಟಿಕಲ್ ಇದ್ದ ದಿನ ಮಾತ್ರ ಸಂಜೆವರೆಗೆ. ಹಾಗಾಗಿ ಹೊತ್ತು ಸಿಗುತ್ತದೆ, ಅದನ್ನು ಎಲ್ಲಿ ಹಾಕುತ್ತೀ ಅನ್ನೋದಷ್ಟೇ ಪ್ರಶ್ನೆ. ಓಡುವವಳಾದರೆ ಇಲ್ಲಿ ‘ಟೇಕಡಿ’ ಇದೆ. ಗುಡ್ಡಕ್ಕೆ ಇವರು ಹಾಗನ್ನುತ್ತಾರೆ. ಫರ್ಗ್ಯುಸನ್ ಕಾಲೇಜಿನ ಬೆನ್ನಿಗೆ ಹನುಮಾನ್ ಟೇಕಡಿ, ಅದರಾಚೆ ವೇತಾಳ ಟೇಕಡಿ. ಬೆಳಿಗ್ಗೆ ಆರಕ್ಕೆ ಅಲ್ಲಿ ಎಪ್ಪತ್ತರ ಅಜ್ಜಂದಿರು ನಿನ್ನನ್ನು ಹಿಂದೆ ಹಾಕಿ ಹೋಗುತ್ತಾರೆ, ಬೇಜಾರು ಮಾಡಿಕೊಳ್ಳಬೇಡ. ಪರ್ವತಿ ಗುಡ್ಡದ 103 ಮೆಟ್ಟಿಲನ್ನು ದಿನಕ್ಕೆ ಐದು ಸಲ ಹತ್ತಿ ಇಳಿಯುವವರಿದ್ದಾರೆ.

ಖೋ-ಖೋಗೆ ನೀನು ತವರಿಗೇ ಬರುತ್ತಿದ್ದೀ ಅನ್ನಬೇಕು. ಈ ಆಟಕ್ಕೆ ಮೊದಲು ನಿಯಮ ಕಟ್ಟಿದ್ದೇ ಇಲ್ಲಿಯ ಡೆಕ್ಕನ್ ಜಿಮ್‌ಖಾನಾ ಕ್ಲಬ್ಬಿನವರು. ಅದು ನೂರು ವರ್ಷಕ್ಕೂ ಹಿಂದಿನ ಮಾತು. ಕಾಲೇಜಿಗೆ ಸೇರಿದ ಮೊದಲ ವಾರವೇ ಅಲ್ಲಿನ ಜಿಮ್‌ಖಾನಾಕ್ಕೆ, ಅಂದರೆ ಆಟದ ಕೋಣೆಗೆ ಹೋಗಿ ಹೆಸರು ಬರೆಸು, ಯಾರಾದರೂ ಕರೆಯಲಿ ಅಂತ ಕಾಯಬೇಡ. ಇಲ್ಲಿ ಆಡುವವರು ತುಂಬ, ಕರೆಯುವವರು ಇಲ್ಲ.

ಊಟದ್ದು ಮೆಸ್. ತಿಂಗಳ ದುಡ್ಡು ಕಟ್ಟಿದರೆ ಎರಡು ಹೊತ್ತು ಪೋಳಿ, ಭಾಜಿ, ವರಣ ಅಂದರೆ ತೊವ್ವೆ, ಅನ್ನ. ಪೋಳಿ ಅಂದ ಕೂಡಲೇ ಬಾಯಲ್ಲಿ ನೀರೂರಿಸಿಕೊಳ್ಳಬೇಡ, ಅದು ಹೋಳಿಗೆಯಲ್ಲ, ಬರೀ ಚಪಾತಿ. ಹೋಳಿಗೆ ಬೇಕಿದ್ದರೆ ‘ಪುರಣ ಪೋಳಿ’ ಅನ್ನಬೇಕು. ಭಾನುವಾರ ಮಧ್ಯಾಹ್ನ ಸಿಹಿ ಇರುತ್ತದೆ, ಅದಕ್ಕೆ ಶಿಕ್ಷೆ ಎಂಬಂತೆ ರಾತ್ರಿ ಮೆಸ್ ಬಂದ್. ಆ ಭಾನುವಾರದ ರಾತ್ರಿಯೇ ಅಮ್ಮನ ನೆನಪು ಬರೋದು, ನೋಡು ಬೇಕಾದರೆ. ಕೈಯಲ್ಲಿ ನಾಲ್ಕು ಕಾಸಿದ್ದರೆ ಫರ್ಗ್ಯುಸನ್ ಕಾಲೇಜು (ಎಫ್.ಸಿ.) ರಸ್ತೆಯ ವೈಶಾಲಿ ಹೋಟೆಲಿಗೆ ಹೋಗಿ ಇಡ್ಲಿ ತಿನ್ನು. ಅದನ್ನೂ ರೂಪಾಲಿಯನ್ನೂ ಬೆಳೆಸಿದ್ದು ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು. ಸಾಂಬಾರ್ ಸ್ವಲ್ಪ ಸಿಹಿ. ಎಪ್ಪತ್ತು ವರ್ಷದಿಂದ ಪುಣೆಯವರು ಅದನ್ನೇ ಮೆಚ್ಚಿಕೊಂಡಿದ್ದಾರೆ, ನಾವು ಹೇಳಿ ಏನು ಪ್ರಯೋಜನ.

ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಪೇಠೆಯ ಹಳೇ ಅಂಗಡಿಗಳು ಮುಚ್ಚಿರುತ್ತವೆ. ತಮಾಷೆಯಲ್ಲ, ನಿಜ. ಬಾಗಿಲಿಗೆ ಒಂದು ಹಲಗೆ ನೇತು ಹಾಕಿರುತ್ತಾರೆ, ‘ಪುಣೇರಿ ಪಾಟಿ’ ಅಂತ ಅದಕ್ಕೆ ಹೆಸರು. ಗಂಟೆ ಒತ್ತಬೇಡಿ, ವಿಳಾಸ ಕೇಳಬೇಡಿ, ಗಾಡಿ ನಿಲ್ಲಿಸಬೇಡಿ. ಮೊದಲು ಸಿಟ್ಟು ಬರುತ್ತದೆ. ಆಮೇಲೆ ನೀನೇ ಓದಿ ಓದಿ ನಗುತ್ತೀ. ಆ ಹೊತ್ತಿನಲ್ಲಿ ಲೈಬ್ರರಿ ಹಿಡಿ. ಪಠ್ಯಪುಸ್ತಕ ಹೊಸದು ಕೊಳ್ಳಬೇಡ, ಅಪ್ಪಾ ಬಳವಂತ ಚೌಕದಲ್ಲಿ ಹಳೇ ಪುಸ್ತಕ ಅರ್ಧ ಬೆಲೆಗೆ ಸಿಗುತ್ತವೆ, ವರ್ಷದ ಕೊನೆಗೆ ಅಲ್ಲೇ ಮಾರಬಹುದು. ಕೈಖರ್ಚಿಗೆ ವಿಶ್ವವಿದ್ಯಾಲಯದ ‘ಕಮವಾ ವ ಶಿಕಾ’ ಅಂತ ಒಂದು ಯೋಜನೆ ಇದೆ, ಗಳಿಸು ಮತ್ತು ಕಲಿ. ದಿನಕ್ಕಿಷ್ಟು ತಾಸು ಕಾಲೇಜಿನಲ್ಲೇ ಕೆಲಸ, ತಾಸಿನ ಲೆಕ್ಕದಲ್ಲಿ ದುಡ್ಡು. ನಾನು ಲೈಬ್ರರಿಯಲ್ಲಿ ಪುಸ್ತಕದ ಬೆನ್ನಿಗೆ ನಂಬರು ಅಂಟಿಸಿದ್ದೇನೆ. ನಿನ್ನ ಕಾಲೇಜಿನಲ್ಲಿ ಇದೆಯಾ, ನಿನಗೆ ಸಿಗುತ್ತದಾ ಅಂತ ಸೇರುವ ದಿನವೇ ವಿಚಾರಿಸು.

ರೂಮಿನ ವಿಷಯ. ಇಲ್ಲಿ ರೂಮು ಬಾಡಿಗೆಗೆ ಕೊಡುವುದಕ್ಕಿಂತ ಕಾಟು ಬಾಡಿಗೆಗೆ ಕೊಡೋದು ಹೆಚ್ಚು, ‘ಕಾಟ್ ಬೇಸಿಸ್’ ಅಂತ ಬೋರ್ಡೇ ಇರುತ್ತದೆ. ಒಂದು ಮಂಚ, ಒಂದು ಕಪಾಟು, ಅಷ್ಟೇ ನಿನ್ನ ರಾಜ್ಯ. ಕನ್ನಡದ ಹುಡುಗಿಯರ ಜೊತೆಗೇ ಇರಲಾ ಅಂದೆ. ಬೇಡ. ನಾಲ್ಕು ಕಾಟಿನಲ್ಲಿ ಒಬ್ಬಳು ಕನ್ನಡದವಳಿದ್ದರೆ ಸಾಕು. ನಾಲ್ವರೂ ನಮ್ಮವರೇ ಆದರೆ ಅದು ಪುಣೆಯಲ್ಲ, ಹಾವೇರಿಯ ಹಾಸ್ಟೆಲ್. ಮನೆ ಮಾಡಿದರೆ 11 ತಿಂಗಳ ಕರಾರು, ಅದು ನೋಂದಣಿಯಾಗಲೇಬೇಕು. ಡಿಪಾಸಿಟ್ ಕೊಟ್ಟಾಗ ಗೋಡೆ, ನಲ್ಲಿ, ಕಿಟಕಿ ಎಲ್ಲದರ ಫೋಟೋ ತೆಗೆದಿಡು. ನನ್ನ ಮೊದಲ ಮನೆಯ ಮಾಲೀಕಳು ನಾನು ಬರುವ ಮೊದಲೇ ಒಡೆದಿದ್ದ ವಾಶ್‌ಬೇಸಿನ್‌ಗೆ ನನ್ನ ಎರಡು ತಿಂಗಳ ದುಡ್ಡು ಮುರಿದುಕೊಂಡಳು. ಕೇಳಿದ್ದಕ್ಕೆ ಶುದ್ಧ ಮರಾಠಿಯಲ್ಲಿ ಬೈದಳು. ಅರ್ಧ ಅರ್ಥವಾಗಲಿಲ್ಲ, ಆಗಿದ್ದರೆ ಇನ್ನೂ ನೋಯುತ್ತಿತ್ತೋ ಏನೋ.

ಕಾಗದಪತ್ರದಲ್ಲಿ ಒಂದೇ ಎಚ್ಚರ: ಬೇರೆ ರಾಜ್ಯದ ಬೋರ್ಡಿನಿಂದ ಬಂದವರು ‘ಎಲಿಜಿಬಿಲಿಟಿ’, ಅಂದರೆ ವಿಶ್ವವಿದ್ಯಾಲಯದ ಅರ್ಹತೆಯ ಒಪ್ಪಿಗೆ, ಮಾಡಿಸಬೇಕು, ಅದಕ್ಕೆ ಮೈಗ್ರೇಶನ್ ಪ್ರಮಾಣಪತ್ರ ಬೇಕು. ಊರಿನಿಂದಲೇ ತಾ. ‘ಪಿಯುಸಿ’ ಅಂದರೆ ಇಲ್ಲಿನ ಗುಮಾಸ್ತರಿಗೆ ತಿಳಿಯೋದಿಲ್ಲ, ‘ಬಾರಾವಿ’, ಹನ್ನೆರಡನೇ ಇಯತ್ತೆ, ಅನ್ನು.

ಮರಾಠಿಗೆ ಹೆದರಬೇಡ. ನಿನಗೆ ಗೊತ್ತಿಲ್ಲದೆಯೇ ಅರ್ಧ ಗೊತ್ತಿದೆ. ತುಪ್ಪಕ್ಕೆ ಇವರು ತೂಪ ಅನ್ನುತ್ತಾರೆ, ನಮ್ಮಿಂದ ಹೋದ ಮಾತು. ಅಣ್ಣಾ, ಅಕ್ಕಾ ಇಲ್ಲೂ ಇವೆ. ಎಡವೋದು ಒಂದೇ ಥರ ಕೇಳುವ ಮಾತುಗಳಲ್ಲಿ. ಮೆಸ್ಸಿನ ಹುಡುಗ ನಿನ್ನನ್ನು ‘ತಾಈ’ ಅಂದರೆ ಅಷ್ಟು ವಯಸ್ಸಾಯಿತಾ ಅಂತ ಕನ್ನಡಿ ನೋಡಿಕೊಳ್ಳಬೇಡ, ಅದು ಅಕ್ಕ. ‘ಹೋ’ ಅಂದರೆ ಹೋಗು ಅಲ್ಲ, ಹೌದು. ಮೊದಲ ವಾರ ನಾನು ಅಂಗಡಿಯಲ್ಲಿ ಸಕ್ಕರೆ ಇದೆಯಾ ಅಂತ ಕೇಳಿ, ಅವರು ‘ಹೋ’ ಅಂದದ್ದಕ್ಕೆ ಮುಖ ಊದಿಸಿಕೊಂಡು ಬಂದಿದ್ದೆ. ತಪ್ಪು ಮರಾಠಿಗೆ ನಗುತ್ತಾರೆ, ನಗಲಿ. ಹಿಂದಿಯಲ್ಲೇ ಮೂರು ವರ್ಷ ಕಳೆದವರನ್ನು ಯಾರೂ ಮನೆಯೊಳಗೆ ಕರೆಯೋದಿಲ್ಲ, ನಾನು ಕಂಡಂತೆ.

ಅಪ್ಪನ ‘ಪರರಾಜ್ಯ’ದ ಭಯಕ್ಕೂ ಅರ್ಥವಿದೆ. ಆಗೊಮ್ಮೆ ಈಗೊಮ್ಮೆ ಬೆಳಗಾವಿಯ ಗಲಾಟೆ ಎದ್ದಾಗ ಎರಡೂ ಕಡೆಯ ಬಸ್ಸಿಗೆ ಮಸಿ ಬಳಿಯುತ್ತಾರೆ, ನಾಲ್ಕು ದಿನ ಬಸ್ ನಿಲ್ಲುತ್ತದೆ. ಆ ನಾಲ್ಕು ದಿನ ಯಾರ ಜೊತೆಗೂ ವಾದಕ್ಕೆ ಇಳಿಯಬೇಡ, ಕ್ಲಾಸಿನ ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಇಪ್ಪತ್ತು ವರ್ಷದಲ್ಲಿ ನನಗೆ ಅದರಿಂದ ಆದ ತೊಂದರೆ ಬಸ್ಸಿನದಷ್ಟೇ.

ಕನ್ನಡದವಳು ಅನ್ನೋದು ಇಲ್ಲಿ ಬೆಲೆ ತಂದುಕೊಡುವ ಜಾಗವೂ ಒಂದಿದೆ, ಡಿಸೆಂಬರಿನ ಸವಾಯಿ ಗಂಧರ್ವ ಸಂಗೀತ ಮಹೋತ್ಸವ. ಗದಗಿನ ಭೀಮಸೇನ ಜೋಶಿ ತಮ್ಮ ಗುರುವಿನ ನೆನಪಿಗೆ 1953ರಲ್ಲಿ ಶುರು ಮಾಡಿದ್ದು. ಗುರು ಯಾರು? ನಿಮ್ಮ ಪಕ್ಕದ ಕುಂದಗೋಳದ ರಾಮಭಾವು, ಅವರೇ ಸವಾಯಿ ಗಂಧರ್ವ. ನಿಮ್ಮ ಜಿಲ್ಲೆಯ ಹಾನಗಲ್ಲನ್ನು ಹೆಸರಲ್ಲಿ ಹೊತ್ತ ಗಂಗೂಬಾಯಿಯವರೂ ಹಾಡಿದ ವೇದಿಕೆ ಅದು. ಎರಡನೇ ವರ್ಷ ನಾನು ಅಗ್ಗದ ಟಿಕೆಟ್ ತಗೊಂಡು ಹಿಂದೆ ನೆಲದ ಮೇಲೆ ಕೂತಿದ್ದೆ, ಸ್ವೆಟರ್ ಇಲ್ಲದೆ. ಡಿಸೆಂಬರಿನಲ್ಲಿ ಇಲ್ಲಿ ಹಲ್ಲು ಕಟಕಟ ಅನ್ನುವ ಚಳಿ, ಅದನ್ನು ಯಾರೂ ಹೇಳಿರಲಿಲ್ಲ. ಪಕ್ಕದ ಅಜ್ಜ ಯಾವೂರು ಅಂದರು. ಕುಂದಗೋಳದಿಂದ ಇನ್ನೂ ಸ್ವಲ್ಪ ಮುಂದೆ ಅಂದೆ. ಅವರು ಏನೂ ಮಾತಾಡದೆ ತಮ್ಮ ಶಾಲು ತೆಗೆದು ನನಗೆ ಹೊದಿಸಿ, ಹೆಂಡತಿಗೆ ಸರಿದು ಕೂರು ಅಂದರು. ಮಧ್ಯರಾತ್ರಿ ಥರ್ಮಾಸಿನ ಚಹಾವೂ ಬಂತು. ಆ ಮನೆಗೆ ಆಮೇಲೆ ಎಷ್ಟು ಭಾನುವಾರ ರಾತ್ರಿ ಉಂಡಿದ್ದೇನೋ ಲೆಕ್ಕವಿಲ್ಲ.

ಗಣಪತಿ ಹಬ್ಬಕ್ಕೆ ಎರಡು ತಿಂಗಳ ಮೊದಲೇ ನದಿ ದಂಡೆಯಲ್ಲಿ ಢೋಲ್-ತಾಶಾ ಅಭ್ಯಾಸ ಶುರುವಾಗುತ್ತದೆ, ಹುಡುಗಿಯರೂ ಸೊಂಟಕ್ಕೆ ಢೋಲ್ ಬಿಗಿದು ಬಾರಿಸುತ್ತಾರೆ. ಸೇರಬೇಕಿದ್ದರೆ ಸೇರು. ನನಗೆ ಆ ಸದ್ದು ಆಗೋದಿಲ್ಲ, ಹಾಗಾಗಿ ಹೆಚ್ಚು ಹೇಳಲಾರೆ. ಸಿಂಹಗಡ ಕೋಟೆಗೆ ಮಾತ್ರ ಮೊದಲ ಮಳೆಗೇ ಹೋಗು. ಮೇಲೆ ಪಿಠಲಾ-ಭಾಕರಿ, ಮಡಕೆಯ ಮೊಸರು. ಪಿಠಲಾ ಅಂದರೆ ನಮ್ಮ ಝುಣಕದ ತಮ್ಮ, ರೊಟ್ಟಿ ಸ್ವಲ್ಪ ದಪ್ಪ. ಊರಿಗೆ ಹೋಗದ ಶನಿವಾರಕ್ಕೆ ಅಷ್ಟು ಸಾಕು.

ಮತ್ತೆ ಬರುವಾಗ ರೊಟ್ಟಿ ಗಿಟ್ಟಿ ಕಟ್ಟಿಸಿಕೊಂಡು ಬಂದು ಬ್ಯಾಗು ತುಂಬಬೇಡ, ಜೋಳ ಇಲ್ಲೂ ಸಿಗುತ್ತದೆ. ಸ್ವೆಟರ್ ಇಟ್ಟುಕೋ. ಜಾಗ ಉಳಿದರೆ ನನಗೊಂದು ಕಿಲೋ ಬ್ಯಾಡಗಿ ಮೆಣಸಿನಕಾಯಿ ತಾ. ಇಲ್ಲಿನ ಮಂಡಿಯಲ್ಲಿ ‘ಬೇಡಗಿ’ ಅಂತ ಮಾರುತ್ತಾರೆ, ಬಣ್ಣ ನೋಡಿದರೇ ಗೊತ್ತಾಗುತ್ತದೆ ಅದು ನಿಮ್ಮ ಕಡೆಯದಲ್ಲ ಅಂತ. ಮೊದಲ ಭಾನುವಾರ ರಾತ್ರಿ ಮೆಸ್ ಮುಚ್ಚಿದಾಗ ತಗೊಂಡು ಬಾ.