ಮಿಸೊ ಸಾರು ಅಮ್ಮ ಕುಡಿಯಬಹುದಾ?

ಪ್ರಶ್ನೆ: ತಮ್ಮ ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ, ನಾನು, ನಮ್ಮೆಜಮಾನ್ರು, 4 ವರ್ಷದ ಮಗಳು ಮುಂದಿನ ತಿಂಗಳು ಅಲ್ಲಿಗೆ ಹೋಗುತ್ತಿದ್ದೇವೆ. ಎಲ್ಲರನ್ನೂ ತಟ್ಟೆ ತಿರುಗುವ ಸುಶಿ (ಅನ್ನದ ಜೊತೆ ಹೆಚ್ಚಾಗಿ ಮೀನು ಇಟ್ಟು ಮಾಡುವ ಜಪಾನಿ ತಿನಿಸು) ಹೋಟೆಲಿಗೆ ಕರೆದುಕೊಂಡು ಹೋಗಬೇಕು ಅಂತ ಅವನಿಗೆ ಆಸೆ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. "ಮಿಸೊ ಸಾರು ಕುಡಿಯಲಿ, ಅದರಲ್ಲೇನೂ ಇರಲ್ಲ" ಅನ್ನುತ್ತಾನೆ. ಹೌದಾ? ಅಮ್ಮನಿಗೆ ಬುತ್ತಿ ಕಟ್ಟಿಕೊಂಡು ಹೋಗಬಹುದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಮಿಸೊ ಸಾರು ಬೇಡ. ಮಿಸೊ ಅಂದರೆ ಹುದುಗಿಸಿದ ಸೋಯಾ ಕಾಳಿನ ಮುದ್ದೆ, ಅದನ್ನು ಕದಡಿದ ಸಾರು ಇದು. ಅದರಲ್ಲಿ ತೇಲುವುದು ತೋಫು (ಸೋಯಾ ಪನೀರು), ಕಡಲ ಪಾಚಿ ಅಷ್ಟೇ, ನಿಜ. ಆದರೆ ಸಾರಿನ ನೀರೇ ದಾಶಿ. ಕಾತ್ಸುವೊ ಅನ್ನುವ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಕಟ್ಟಿಗೆಯಷ್ಟು ಗಟ್ಟಿಯಾಗುವ ತನಕ ಒಣಗಿಸಿ, ಆಮೇಲೆ ತೆಳ್ಳಗೆ ಹೆರೆದು ಬಿಸಿನೀರಿಗೆ ಹಾಕಿ ಸೋಸಿದ ರಸ ಅದು. ಮೀನು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ "ಮೀನು ಇದೆಯಾ" ಅಂತ ಕೇಳಿದರೆ ಅಲ್ಲಿನವರೂ ಎಷ್ಟೋ ಸಲ ಇಲ್ಲ ಅಂದುಬಿಡುತ್ತಾರೆ. ಉದೊನ್ ಅನ್ನುವ ದಪ್ಪ ನೂಡಲ್ಸಿನ ಸಾರು, ತೆಂಪುರಾ ಅನ್ನುವ ಬಜ್ಜಿಯಂಥದ್ದನ್ನು ಅದ್ದುವ ರಸ, ಇನಾರಿ ಸುಶಿಯ ಸಿಹಿ ತೋಫು ಚೀಲ, ಎಲ್ಲದರಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಕೆಲವು ಕಡೆ ಮೇಜಿನ ಮೇಲಿನ ಸೋಯಾ ಸಾಸ್‌ಗೂ ಬೆರೆಸಿರುತ್ತಾರೆ. ಕೊಂಬು ಅನ್ನುವ ಕಡಲ ಪಾಚಿಯೊಂದರಿಂದಲೇ ಮಾಡುವ ದಾಶಿಯೂ ಇದೆ, ಬೌದ್ಧ ಮಠಗಳ ಶೋಜಿನ್ ಅಡುಗೆಗೆ ಅದನ್ನೇ ಬಳಸುತ್ತಾರೆ. ಆದರೆ ನೀವು ಹೋಗುವಂಥ ಹೋಟೆಲಿನಲ್ಲಿ ಅದನ್ನು ನಂಬಿಕೊಳ್ಳಬೇಡಿ.

ಗೊತ್ತಾಗದ ಹಾಗೆ ಕುಡಿಸುವುದಂತೂ ದಯವಿಟ್ಟು ಬೇಡ. ಜೀವಮಾನವಿಡೀ ಪಾಲಿಸಿಕೊಂಡು ಬಂದದ್ದು ಅವರದು, ನಮ್ಮ ಅನುಕೂಲಕ್ಕೆ ಅದನ್ನು ಸಡಿಲಿಸುವುದು ಸರಿಯಲ್ಲ, ಅಲ್ವಾ? ಇದ್ದದ್ದನ್ನು ಅಮ್ಮನಿಗೆ ಹೇಳಿ, ಅವರೇ ತೀರ್ಮಾನ ಮಾಡಲಿ.

ಹಾಗಂತ ಹೋಗುವುದನ್ನು ಬಿಡಬೇಡಿ. ತಟ್ಟೆ ತಿರುಗುವ ಸುಶಿ ಶುರುವಾದದ್ದೇ ಆ ಊರಿನ ಪಕ್ಕ, 1958ರಲ್ಲಿ, ಹಿಗಾಶಿ ಒಸಾಕಾದಲ್ಲಿ. ಯೋಶಿಯಾಕಿ ಶಿರಾಯಿಶಿ ಎಂಬುವರು ಬಿಯರ್ ಕಾರ್ಖಾನೆಯ ಚಲಿಸುವ ಪಟ್ಟಿಯ ಮೇಲೆ ಬಾಟಲಿಗಳು ಸಾಗುವುದನ್ನು ನೋಡಿ ಅದನ್ನು ಹೋಟೆಲಿಗೆ ತಂದರು. ಅಮ್ಮನಿಗೆ ಕಪ್ಪಾ ಮಾಕಿ ತರಿಸಿ. ಸೌತೆಕಾಯಿಯನ್ನು ವಿನೆಗರ್ ಬೆರೆಸಿದ ಅನ್ನದಲ್ಲಿಟ್ಟು ಪಾಚಿ ಹಾಳೆಯಲ್ಲಿ ಸುತ್ತಿದ್ದು. ಎದಾಮಾಮೆ, ಅಂದರೆ ಉಪ್ಪು ಹಾಕಿ ಬೇಯಿಸಿದ ಹಸಿ ಸೋಯಾ ಕಾಯಿ, ನಮ್ಮಲ್ಲಿ ಅವರೆಕಾಯಿ ಸುಲಿದು ತಿಂದ ಹಾಗೆಯೇ ತಿನ್ನಬಹುದು. ಮೆಕ್ಕೆಜೋಳದ ಸುಶಿಯಲ್ಲಿ ಮೇಯೊನೇಸ್ ಇರುತ್ತದೆ, ಅದರಲ್ಲಿ ಮೊಟ್ಟೆ. ಆಲೂಗಡ್ಡೆ ಫ್ರೈ ತರಿಸುವ ಮುಂಚೆ ಮೀನು ಕರಿದ ಎಣ್ಣೆಯಲ್ಲೇ ಕರಿಯುತ್ತಾರಾ ಅಂತ ಕೇಳಿ. ಸುಮ್ನೆ "ವೆಜಿಟೇರಿಯನ್" ಅಂದರೆ ಸಾಲದು. ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಬೇಡ ಅಂತ ತಮ್ಮನ ಕೈಯಲ್ಲಿ ಜಪಾನಿ ಭಾಷೆಯಲ್ಲಿ ಬರೆಸಿ ಇಟ್ಟುಕೊಳ್ಳಿ.

ಬುತ್ತಿ ಒಯ್ಯುವುದು ಬೇಡ. ಹೊರಗಿನ ತಿಂಡಿಯನ್ನು ಅಲ್ಲಿನ ಹೋಟೆಲುಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಡುವ ಮುಂಚೆ ಮನೆಯಲ್ಲೇ ಅಮ್ಮನಿಗೆ ಸ್ವಲ್ಪ ಮೊಸರನ್ನ ಬಡಿಸಿ.

ಮಗಳ ವಿಷಯ: ಎಷ್ಟೋ ಕಡೆ ಮೇಜಿನ ಪಕ್ಕದಲ್ಲೇ ಒಂದು ನಲ್ಲಿ ಇರುತ್ತದೆ. ಅದು ಕೈ ತೊಳೆಯುವುದಕ್ಕಲ್ಲ, ಹಸಿರು ಚಹಾ ಪುಡಿಗೆ ಹಾಕುವ ಕುದಿನೀರು. ಮಗುವನ್ನು ಆ ಕಡೆ ಕೂರಿಸಲೇಬೇಡಿ. ಅವಳ ತಟ್ಟೆಗೆ "ಸಾಬಿ ನುಕಿ" ಅನ್ನಿ, ಮೂಗಿಗೆ ಘಾಟು ಹೊಡೆಯುವ ವಸಾಬಿ ಚಟ್ನಿ ಹಾಕುವುದಿಲ್ಲ.

ಇನ್ನೊಂದು, ಅಮ್ಮನಿಗೆ ಏನಾದರೂ ಕೊಡುವಾಗ ಊಟದ ಕಡ್ಡಿಯಿಂದ ಕಡ್ಡಿಗೆ ದಾಟಿಸಬೇಡಿ. ಶವ ಸುಟ್ಟ ಮೇಲೆ ಅಸ್ಥಿಯನ್ನು ಹಾಗೆ ಎತ್ತುತ್ತಾರೆ. ತಟ್ಟೆಯಲ್ಲಿಟ್ಟು ಕೊಡಿ. ಸುಶಿಯನ್ನು ಕೈಯಲ್ಲಿ ತಿನ್ನುವುದು ಅಲ್ಲಿ ತಪ್ಪೇನಲ್ಲ, ಅಮ್ಮ ಕಡ್ಡಿ ಹಿಡಿಯಲೇಬೇಕಿಲ್ಲ.